ಕಟ್ಟು ಹಾಕದ ಸಾಲು

ಮೇ ೨೪, ೧೯೯೮, ಭಾನುವಾರ

ಇದು ನನ್ನ ಸೈನ್ಸ್ ರೆಕಾರ್ಡ್ ಪುಸ್ತಕ. ಬರೆದಿದ್ದ ಹಾಳೆಗಳನ್ನು ಹರಿದು ಒಲೆಗೆ ಹಾಕಿದೆ. ಉಳಿದವು ಒಳ್ಳೆಯ ದಪ್ಪ ಕಾಗದ, ಒಂದು ಬದಿ ಗೆರೆ, ಒಂದು ಬದಿ ಖಾಲಿ. ದಂಡವಾಗುವುದು ಬೇಡ ಎಂದು ಬರೆಯಲು ಕೂತಿದ್ದೇನೆ.

ಹರಿದ ಹಾಳೆಗಳಲ್ಲಿ ಹದಿನಾಲ್ಕು ಪ್ರಯೋಗಗಳಿದ್ದವು. ಮೇಷ್ಟ್ರು ಬೋರ್ಡಿನ ಮೇಲೆ ಬರೆದರು, ನಾವು ನೋಡಿಕೊಂಡು ಬರೆದೆವು. ಪ್ರತಿಯೊಂದರ ಕೊನೆಗೆ ನಾನು ‘ಈ ಪ್ರಯೋಗವನ್ನು ನಾವು ಮಾಡಿಲ್ಲ’ ಎಂದು ಒಂದು ಸಾಲು ಸೇರಿಸಿದೆ. ಮಾಡಿರಲಿಲ್ಲ, ಅದಕ್ಕೇ ಬರೆದೆ. ತಪ್ಪಾಯಿತು ಎಂದು ಪತ್ರ ಕೊಟ್ಟರೆ ಪರೀಕ್ಷೆಗೆ ಕೂರಿಸುತ್ತೇವೆ ಎಂದರು ಸ್ಕೂಲಿನವರು. ಕೊಡಲಿಲ್ಲ. ಹತ್ತನೇ ಕ್ಲಾಸು ಅಲ್ಲಿಗೆ ಮುಗಿಯಿತು. ಆಮೇಲೆ ಟೈಪಿಂಗಿಗೆ ಹನ್ನೊಂದು ದಿನ, ಊದುಬತ್ತಿ ಹೊಸೆಯಲು ಎರಡು ವಾರ, ದೇವರಾಜ ಅರಸು ರಸ್ತೆಯ ಸೀರೆ ಅಂಗಡಿಗೆ ನಾಲ್ಕು ದಿನ ಹೋದೆ. ಸೀರೆ ಅಂಗಡಿಯಲ್ಲಿ ಒಬ್ಬರು ಈ ಬಣ್ಣ ತಮಗೆ ಒಪ್ಪುತ್ತದಾ ಎಂದು ಕೇಳಿದರು. ಒಪ್ಪಲ್ಲ ಎಂದೆ. ನನಗೀಗ ಹದಿನೇಳು.

ಇವತ್ತು ಬನ್ನಿಮಂಟಪದ ದೊಡ್ಡಪ್ಪನ ಮನೆಯಲ್ಲಿ ಅಪ್ಪನ ಪಂಚಾಯಿತಿ ಆಯಿತು. ಅಪ್ಪ ಮೂರು ತಲೆಮಾರಿನಿಂದ ಎಲೆತೋಟದವರು. ವೀಳ್ಯದೆಲೆ ಬಿಟ್ಟರೆ ಬೇರೆ ಗೊತ್ತಿಲ್ಲ. ನಂಜನಗೂಡು ರಸ್ತೆಯ ಹತ್ತಿರ ಗುತ್ತಿಗೆಗೆ ಮಾಡುತ್ತಿದ್ದ ತೋಟವನ್ನು ಅದರ ಮಾಲೀಕರು ಈ ಯುಗಾದಿಗೆ ಸೈಟು ಮಾಡಿಸಿಬಿಟ್ಟರು. ಅವತ್ತಿನಿಂದ ಅಪ್ಪ ಮನೆಯಲ್ಲಿ ಕೂತು, ಎಲೆಬಳ್ಳಿ ಕಟ್ಟುವ ಹಾಗೆ, ಖಾಲಿ ಕೈಯಲ್ಲಿ ಗಂಟು ಹಾಕುತ್ತಿರುತ್ತಾರೆ. ಈಗ ಉಳಿದಿರುವುದು ಅಜ್ಜಿಗೆ ಅವಳ ತವರಿನಿಂದ ಬಂದ ಎರಡೂವರೆ ಎಕರೆ ಮಾತ್ರ. ಹೂಟಗಳ್ಳಿಯಿಂದ ಆಚೆಗೆ ನಾಲ್ಕು ಮೈಲಿ, ಬೋಳು ದಿಣ್ಣೆ. ಅಲ್ಲಿ ಹುರುಳಿ ಬಿತ್ತುವುದನ್ನೂ ಎಲ್ಲರೂ ಬಿಟ್ಟಿದ್ದಾರೆ.

ಅಪ್ಪ ಅಲ್ಲಿ ತಿನ್ನುವ ಕಾಡು ಮಾಡುತ್ತಾರಂತೆ. ಮೇಲೆ ಹಲಸು, ನೇರಳೆ, ಅದರ ಕೆಳಗೆ ಸೀಬೆ, ಅದರ ಕೆಳಗೆ ಕರಿಬೇವು, ನೆಲದ ಮೇಲೆ ಗೆಣಸು. ಯಾವ ತಿಂಗಳು ಹೋದರೂ ಕೈಗೆ ಏನಾದರೂ ಸಿಗಬೇಕು. “ಎಲೆತೋಟದಲ್ಲೂ ಹಿಂಗೇ ಅಲ್ವಾ ಅಣ್ಣ, ಅಗಸೆ, ನುಗ್ಗೆ, ಬಾಳೆ ಒಂದರ ಕೆಳಗೊಂದು. ಇಲ್ಲಿ ಎಲೆ ಬದಲು ಊಟ” ಎಂದರು.

ದೊಡ್ಡಪ್ಪ ವಿಶ್ವನಾಥ್ ನಕ್ಕರು. “ಷಡಕ್ಷರಿ, ಅಲ್ಲಿ ಗಾಳಿಗೆ ಮೈ ಮೇಲಿನ ಪಂಚೇನೇ ನಿಲ್ಲಲ್ಲ ಕಣೋ, ಹಲಸಿನ ಮರ ನಿಂತುಬುಡುತ್ತಾ? ಇಟ್ಟಿಗೆ ಗೂಡಿನವರು ಮಣ್ಣು ಕೇಳ್ತಿದಾರೆ. ಕೊಟ್ಟುಬುಡೋಣ.”

“ಮಣ್ಣು ತೆಗೆದ ಮೇಲೆ ಉಳಿಯೋದು ಹಳ್ಳ.”

“ಈಗ ಇರೋದೇನು, ಬೃಂದಾವನವಾ?”

ಅಜ್ಜಿ ಬಸಮ್ಮ ಅಡಿಕೆ ಕತ್ತರಿಸುತ್ತಿದ್ದವಳು ಕತ್ತರಿ ಕೆಳಗಿಟ್ಟಳು. “ಎರಡು ಆಷಾಢ ನೋಡ್ತೀನಿ. ಎರಡನೇದು ಕಳೆದ ಮಾರನೇ ದಿನ ನಾನೇ ಬರ್ತೀನಿ. ಗಿಡ ಗಾಳಿ ತಡೆದು ನಿಂತಿದ್ರೆ ಭೂಮಿ ಷಡಕ್ಷರೀದು. ಇಲ್ಲದಿದ್ರೆ ವಿಶ್ವ ಹೇಳಿದಂಗೆ. ಆಮೇಲೆ ಯಾರೂ ಮುಖ ಊದಿಸ್ಕೊಂಡು ನನ್ನ ಮುಂದೆ ಬರಬಾರದು.”

ಬಸ್ಸಿನಲ್ಲಿ ಬರುವಾಗ ಅಪ್ಪ ನನ್ನನ್ನು ಕೇಳಿದರು, “ನೀನು ಬರ್ತೀಯಾ ದಿಣ್ಣೆಗೆ?” ಮನೆಯಲ್ಲಿ ಕೂತು ಬೇಜಾರಾಗಿದೆ, ಅದಕ್ಕೆ ಬರ್ತೀನಿ, ಎಷ್ಟು ದಿನ ಅಂತ ಕೇಳಬೇಡಿ ಎಂದೆ.

ಜೂನ್ ೭, ೧೯೯೮

ಅಜ್ಜಿಯ ದಿಣ್ಣೆಯಲ್ಲಿ ಹತ್ತು ದಿನದಿಂದ ಗುಂಡಿ, ಗಿಡ, ಗುಂಡಿ, ಗಿಡ. ಅಪ್ಪ, ಅಮ್ಮ, ನಾನು. ಒಟ್ಟು ಇನ್ನೂರು ಗಿಡ. ಪಡುವಣದ ಅಂಚಿನಲ್ಲಿ, ಗಾಳಿ ಮೊದಲು ಬಂದು ಬಡಿಯುವ ಕಡೆ, ಇಪ್ಪತ್ತೆಂಟು ಗಿಡದ ಒಂದು ಸಾಲು ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಹೆಚ್ಚು ನೇರಳೆ, ಹುಣಸೆ, ಸೀಬೆ.

ಗಾಳಿ ಬಗ್ಗೆ ಎಲ್ಲರೂ ಹೇಳಿದ್ದು ಸುಳ್ಳಲ್ಲ. ಬುತ್ತಿಯ ಮುಚ್ಚಳ ತೆಗೆದರೆ ಅನ್ನದ ಮೇಲೆ ಮಣ್ಣು. ಮಾತಾಡಿದರೆ ಬಾಯಲ್ಲಿ ಮಣ್ಣು. ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅದರ ಮೇಲೆ ಟವೆಲ್ ಬಿಗಿದುಕೊಳ್ಳುತ್ತಾಳೆ. ಎದುರಿಗೆ ಚಾಮುಂಡಿ ಬೆಟ್ಟ ಕಾಣುತ್ತದೆ. ಅದೊಂದೇ ಅಲ್ಲಾಡದೆ ನಿಂತಿರುವುದು.

ನೆಟ್ಟ ಪ್ರತಿ ಗಿಡದ ಪಕ್ಕ ಅಪ್ಪ ಬಿದಿರಿನ ಗೂಟ ಹೊಡೆದು, ನೆನೆಸಿದ ಬಾಳೆನಾರಿನಿಂದ ಎರಡು ಕಡೆ ಬಿಗಿಯಾಗಿ ಕಟ್ಟುತ್ತಾರೆ. ಎಲೆತೋಟದಲ್ಲಿ ಬಳ್ಳಿಯನ್ನು ಹದಿನೈದು ದಿನಕ್ಕೊಮ್ಮೆ ಹೀಗೆ ಕಟ್ಟಬೇಕು. ಕಟ್ಟದಿದ್ದರೆ ಬಳ್ಳಿ ನೆಲಕ್ಕೆ ಬಿದ್ದು ಕೊಳೆಯುತ್ತದೆ. ಅಪ್ಪನ ಕೈ ಎಷ್ಟು ಬೇಗ ಓಡುತ್ತದೆ ಎಂದರೆ ಗಂಟು ಬಿದ್ದದ್ದು ಕಾಣುತ್ತದೆ, ಹಾಕಿದ್ದು ಕಾಣುವುದಿಲ್ಲ. ಪಕ್ಕದ ಹೊಲದ ಸಣ್ಣಮಾದಯ್ಯ ಕುರಿ ಬಿಟ್ಟುಕೊಂಡು ನೋಡುತ್ತಾ ನಿಂತಿದ್ದರು.

“ಏನ್ ಸ್ವಾಮೀ, ಗಿಡಕ್ಕೆಲ್ಲಾ ಉಡುದಾರ ಕಟ್ಬುಟ್ರಾ?”

“ಕಟ್ಟದಿದ್ರೆ ನಿಮ್ಮೂರ ಗಾಳಿ ಬಿಡುತ್ತಾ ಮಾದಯ್ಯ?”

“ಗಾಳಿ ಯಾರ್ನೂ ಬುಡಾಕಿಲ್ಲ. ನಾಮಕರಣಕ್ಕೆ ಏಳ್ಕಳಿಸಿ, ಬತ್ತೀನಿ.”

ಜೂನ್ ೨೮, ೧೯೯೮

ಆಷಾಢ ಹುಟ್ಟಿ ನಾಲ್ಕು ದಿನ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೂ ನಡೆದದ್ದನ್ನೇ ಬರೆಯುತ್ತೇನೆ.

ಇವತ್ತು ನಾರು ಬದಲಿಸುವ ದಿನ. ನನ್ನ ಸಾಲಿನ ಆರನೇ ಗಿಡದ ಗಂಟು ಜಾರಿತ್ತು. ಅಪ್ಪ ಬಂದು ನೋಡಿ, ಸಣ್ಣಮಾದಯ್ಯನ ಮುಂದೆ, “ಸ್ಕೂಲು ಬಿಟ್ಟಳು, ಎಲ್ಲಾ ಬಿಟ್ಟಳು, ಒಂದು ಗಂಟು ಹಾಕೋಕೂ ಬರಲ್ಲ ಇವಳಿಗೆ” ಎಂದರು. ಸಣ್ಣಮಾದಯ್ಯ ನಗಲಿಲ್ಲ. ಅವರು ನಕ್ಕಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅಪ್ಪ ಆಚೆ ಹೋದ ಮೇಲೆ ನನ್ನ ಇಪ್ಪತ್ತೆಂಟು ಗಿಡದ ಕಟ್ಟೂ ಬಿಚ್ಚಿದೆ. ಗೂಟ ಕಿತ್ತು ಒಂದೆಡೆ ರಾಶಿ ಹಾಕಿದೆ.

ಜೂನ್ ೨೯

ಬೆಳಿಗ್ಗೆ ಎದ್ದ ಕೂಡಲೇ ಹೇಳಿದೆ. ಅವರೇ ಕಂಡುಹಿಡಿಯಲಿ ಎಂದು ಕಾಯುವುದು ನನಗಾಗುವುದಿಲ್ಲ.

“ನನ್ನ ಸಾಲು ಬಿಚ್ಚಿದ್ದೀನಿ. ಮತ್ತೆ ಕಟ್ಟಲ್ಲ.”

ಅಪ್ಪ ಮೀಸೆ ಕತ್ತರಿಸುತ್ತಿದ್ದರು. ಕನ್ನಡಿಯಲ್ಲೇ ನನ್ನನ್ನು ನೋಡಿ ಹೇಳಿದರು, “ನಾನೂ ಕಟ್ಟಲ್ಲ. ಬೀಳಲಿ. ಆವಾಗ ಗೊತ್ತಾಗುತ್ತೆ.”

ಅಮ್ಮ ನಡುವೆ ಬಂದಳು. “ಅಪ್ಪ ಮಗಳ ಹಟಕ್ಕೆ ಇಪ್ಪತ್ತೆಂಟು ಗಿಡ ಸಾಯ್ಬೇಕಾ? ನಾನು ಕಟ್ತೀನಿ ಬಿಡಿ.”

“ನೀನು ಮುಟ್ಟಿದ್ರೆ ನೋಡು ಇಂದ್ರಾ” ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು. ನಾನು ಇಂದ್ರಾ ಅನ್ನಲಿಲ್ಲ, ಅಮ್ಮ ಅಂದೆ.

ಜುಲೈ ೨೪, ೧೯೯೮

ನಿನ್ನೆಗೆ ಮೊದಲನೇ ಆಷಾಢ ಮುಗಿಯಿತು. ಗೆದ್ದವರು ಅಪ್ಪ.

ಅವರ ನೂರ ಎಪ್ಪತ್ತೆರಡು ಗಿಡವೂ ಪರೇಡಿಗೆ ನಿಂತ ಪೊಲೀಸರ ಹಾಗೆ ನೆಟ್ಟಗಿವೆ. ನನ್ನ ಸಾಲಿನಲ್ಲಿ ನಾಲ್ಕು ಗಿಡ ಬುಡಸಹಿತ ಕಿತ್ತು ಹೋದವು. ಉಳಿದ ಇಪ್ಪತ್ತನಾಲ್ಕು ಮೂಡಣಕ್ಕೆ ವಾಲಿವೆ, ಎಲೆ ಹರಿದು ಚಿಂದಿಯಾಗಿದೆ. ದೊಡ್ಡಪ್ಪ ಸ್ಕೂಟರಿನಲ್ಲಿ ಬಂದು ನೋಡಿದರು. ಅಪ್ಪನ ಗಿಡ ನೋಡಿ ಏನೂ ಹೇಳಲಿಲ್ಲ, ಅಂದರೆ ಮೆಚ್ಚಿದರು. ನನ್ನ ಸಾಲು ನೋಡಿ, “ಇದೇನು, ಇವಕ್ಕೆ ಬೆನ್ನು ನೋವಾ?” ಎಂದರು. ಅಪ್ಪ ನನ್ನ ಹೆಸರು ಹೇಳಲಿಲ್ಲ. ನಾನೇ ಹೇಳಿದೆ.

ಸತ್ತ ನಾಲ್ಕು ಗಿಡ ನನ್ನಿಂದ ಸತ್ತವು. ಅದನ್ನು ಬರೆದಿಡಬೇಕು.

ಆದರೂ ಕಟ್ಟುವುದಿಲ್ಲ.

ಅಕ್ಟೋಬರ್ ೧೧, ೧೯೯೮

ದಸರಾ ಮುಗಿಯಿತು. ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಲು ದೊಡ್ಡಪ್ಪನ ಮನೆಯ ತಾರಸಿಯ ಮೇಲೆ ನಲವತ್ತು ಜನ ಇದ್ದರು. ನನ್ನ ಕ್ಲಾಸಿನವಳೊಬ್ಬಳು ಸಿಕ್ಕಿ ಏನು ಮಾಡ್ತಿದೀಯ ಎಂದು ಕೇಳಿದಳು. ಏನೂ ಇಲ್ಲ ಎಂದೆ.

ಇದೇ ವಾರ ಅಪ್ಪ ತೊಗರಿ, ಅವರೆ, ಗೆಣಸು ಹಾಕಿಸಿದರು. ಹುಲ್ಲು ಕೊಯ್ದು ಗಿಡದ ಬುಡಕ್ಕೆ ಹೊದಿಸಿದೆವು. ಗಾಳಿ ಅದನ್ನು ಎತ್ತಿಕೊಂಡು ಹೋಗಿ ಸಣ್ಣಮಾದಯ್ಯನ ಕುರಿಗಳಿಗೆ ಕೊಟ್ಟಿತು. ಎರಡನೇ ಸಲ ಹೊದಿಸಿ ಮೇಲೆ ಕಲ್ಲು ಹೇರಿದೆ. ನಿಂತಿತು. ಅಪ್ಪ ನೋಡಿ, ತಮ್ಮ ಗಿಡಗಳ ಬುಡಕ್ಕೂ ಕಲ್ಲು ಹೊತ್ತರು.

ಫೆಬ್ರವರಿ ೧೪, ೧೯೯೯, ಶಿವರಾತ್ರಿ

ಮಳೆ ನಿಂತು ಎರಡೂವರೆ ತಿಂಗಳು. ಕೆಳಗಿನ ಕಟ್ಟೆಯಿಂದ ನೀರು ಹೊರಬೇಕು. ಎಲೆತೋಟದವರ ಹಾಗೆ ಎರಡು ಕೊಡ, ಒಂದೊಂದು ಕೈಗೆ ಒಂದು, ಓಡುನಡಿಗೆ. ನಿಧಾನ ನಡೆದರೆ ಭಾರ ಹೆಚ್ಚು, ಓಡಿದರೆ ನೀರು ಚೆಲ್ಲುತ್ತದೆ. ನಡುವಿನದನ್ನು ಕಲಿಯಲು ನನಗೆ ಒಂದು ತಿಂಗಳು ಬೇಕಾಯಿತು. ಈಗ ಒಂದು ಹನಿ ಚೆಲ್ಲುವುದಿಲ್ಲ.

ಇವತ್ತು ಉಪವಾಸ. ಅಮ್ಮ ಮನೆಯಲ್ಲಿ ಪೂಜೆಗಿದ್ದಳು. ಅಪ್ಪ ಕೊರಳಿನ ಲಿಂಗ ಕೈಯಲ್ಲಿಟ್ಟುಕೊಂಡು ಕಟ್ಟೆಯ ಕಲ್ಲಿನ ಮೇಲೆ ಪೂಜೆ ಮುಗಿಸಿ ಕೊಡ ಎತ್ತಿದರು. ಸಂಜೆ ಹೊತ್ತಿಗೆ ಇಬ್ಬರೂ ಸೇರಿ ನೂರಾ ಹನ್ನೆರಡು ಸಲ ಹತ್ತಿ ಇಳಿದೆವು. ಕೊನೆಯ ಕೊಡ ಅಪ್ಪ ನನ್ನ ಸಾಲಿನ ಒಂದು ಹುಣಸೆಗೆ ಸುರಿದರು. ಅದು ಅವರ ಪಾಲಿನದಲ್ಲ.

“ನಿಮ್ಮ ಗಿಡಕ್ಕೆ ಹಾಕಿ” ಎಂದೆ.

“ನೀರಿಗೆ ಯಾರ ಗಿಡ ಅಂತ ಗೊತ್ತಾಗುತ್ತಾ? ಬಾ, ಬಸ್ಸು ಹೋಗುತ್ತೆ.”

ಹೂಟಗಳ್ಳಿಯಲ್ಲಿ ಹೊಸ ಫ್ಯಾಕ್ಟರಿಯೊಂದು ಹುಡುಗಿಯರನ್ನು ತೆಗೆದುಕೊಳ್ಳುತ್ತಿದೆಯಂತೆ, ಅಮ್ಮ ಅರ್ಜಿ ತಂದಿಟ್ಟಿದ್ದಾಳೆ. ನೋಡಲು ಹೊತ್ತು ಸಿಗಲಿಲ್ಲ.

ಏಪ್ರಿಲ್ ೧೮, ೧೯೯೯

ಒಂದು ವಿಷಯ ಕಂಡಿದ್ದೇನೆ. ಸರಿಯಾಗಿ ಬರೆಯಬೇಕು.

ಬಿಸಿಲಿಗೆ ಅಪ್ಪನ ಗಿಡಗಳಲ್ಲಿ ಹನ್ನೆರಡು ಒಣಗಿದವು. ಉಳಿದ ನೂರ ಅರವತ್ತು ನನ್ನ ತಲೆಗಿಂತ ಎತ್ತರ ಬೆಳೆದಿವೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನನ್ನ ಸಾಲಿನವು ಕುಳ್ಳು, ನನ್ನ ಸೊಂಟಕ್ಕೆ ಬರುತ್ತವೆ. ಯಾರೂ ನೋಡುವುದಿಲ್ಲ.

ಇವತ್ತು ಕಳೆ ತೆಗೆಯುವಾಗ ಜಾರಿ ಬೀಳುವಂತಾಗಿ ನನ್ನ ಸಾಲಿನ ಸೀಬೆಯ ಬುಡ ಹಿಡಿದೆ. ಅದು ನನ್ನ ಭಾರ ತಡೆಯಿತು. ಎದ್ದು ಹೋಗಿ ಅಪ್ಪನ ಸೀಬೆಯ ಬುಡ ಹಿಡಿದೆ. ಒಂದೇ ದಿನ ನೆಟ್ಟವು, ಒಂದೇ ಕಡೆಯಿಂದ ತಂದವು. ಅಪ್ಪನದು ನನ್ನ ಹೆಬ್ಬೆರಳಿನಷ್ಟು. ನನ್ನದು ಎರಡು ಹೆಬ್ಬೆರಳು ಸೇರಿಸಿದಷ್ಟು. ಒಂದರಿಂದ ಹೇಳಬಾರದು ಎಂದು ಲಂಗದ ಲಾಡಿ ತೆಗೆದು ಇಪ್ಪತ್ತನಾಲ್ಕನ್ನೂ ಅಳೆದೆ. ಅಪ್ಪನ ಸಾಲುಗಳಲ್ಲಿ ಅದೇ ಜಾತಿಯ ಇಪ್ಪತ್ತನಾಲ್ಕನ್ನು ಅಳೆದೆ. ನನ್ನವು ಇಪ್ಪತ್ತೊಂದು ದಪ್ಪ. ಮೂರು ಸಮ.

ಕಾರಣ ನನಗೆ ಗೊತ್ತಿಲ್ಲ. ನನಗನ್ನಿಸುವುದು ಇಷ್ಟು. ನನ್ನ ಗಿಡಗಳು ಹತ್ತು ತಿಂಗಳು ಅಲ್ಲಾಡಿವೆ. ಅಲ್ಲಾಡಿದ್ದಕ್ಕೇ ಬುಡ ಬಲಿತಿದೆ. ಅಪ್ಪನವು ಗೂಟಕ್ಕೆ ಒರಗಿಕೊಂಡು ಮೇಲೆ ಮಾತ್ರ ಹೋಗಿವೆ.

ಊಟಕ್ಕೆ ಕೂತಾಗ ಹೇಳಿದೆ. ಅಪ್ಪ ತುತ್ತು ನುಂಗಿ, “ನಮ್ಮಪ್ಪ ಕಟ್ಟಿದರು, ಅವರಪ್ಪ ಕಟ್ಟಿದರು” ಎಂದರು.

“ಅವರು ಎಲೆಬಳ್ಳಿ ಕಟ್ಟಿದರು. ಇವು ಬಳ್ಳಿ ಅಲ್ಲ.”

“ಕಟ್ಟದೆ ಬಿಟ್ಟು ನಾಲ್ಕು ಸಾಯಿಸಿದೋಳು ಯಾರು?”

“ನಾನು. ಅದು ನಿಜ. ಇದೂ ನಿಜ. ಬನ್ನಿ, ಲಾಡಿ ಹಿಡಿದು ನೋಡಿ.”

ಬರಲಿಲ್ಲ.

ಜೂನ್ ೨೬, ೧೯೯೯

ಗೂಟಗಳಿಗೆ ಗೆದ್ದಲು. ನೆಲದ ಮಟ್ಟದಲ್ಲಿ ಬೆರಳು ಒತ್ತಿದರೆ ಒಳಗೆ ಹೋಗುತ್ತದೆ. ಗಿಡ ಗೂಟವನ್ನು ಹಿಡಿದಿದೆಯೋ ಗೂಟ ಗಿಡವನ್ನೋ ತಿಳಿಯುವುದಿಲ್ಲ. ಅಪ್ಪ ಅರವತ್ತು ಹೊಸ ಗೂಟ ತಂದರು. ನೂರು ಇನ್ನೂ ಬೇಕು.

ಇದು ಅಧಿಕ ಮಾಸದ ವರ್ಷ, ಆಷಾಢ ತಡ. ಹದಿನೆಂಟು ದಿನ ಇದೆ.

ಜುಲೈ ೧೬, ೧೯೯೯, ಆಷಾಢದ ಮೊದಲ ಶುಕ್ರವಾರ

ಅಮ್ಮ ಬೆಟ್ಟಕ್ಕೆ ಹೋಗಿದ್ದಳು. ಮೆಟ್ಟಿಲು ಹತ್ತಿಯೇ ಹೋಗಿ ಬಂದಳು, ಪ್ರತಿ ಮೆಟ್ಟಿಲಿಗೂ ಕುಂಕುಮ ಹಚ್ಚಿ. ಕಾಲು ಊದಿದೆ. ಏನು ಕೇಳಿಕೊಂಡೆ ಎಂದರೆ, “ಗಾಳಿ ಸ್ವಲ್ಪ ಕಮ್ಮಿ ಮಾಡು ತಾಯಿ ಅಂದೆ. ಅವಳ ಮುಂದೆ ನಿಂತಾಗಲೇ ನನ್ನ ಸೆರಗು ಹಾರಿ ಹಿಂದಿನೋರ ಮುಖದ ಮೇಲೆ ಬಿತ್ತು. ಬೈಸ್ಕೊಂಡು ಬಂದೆ” ಎಂದಳು.

ದಿಣ್ಣೆಯಲ್ಲಿ ಬೆಳಿಗ್ಗೆಯಿಂದ ಬಿದಿರು ಕಿರ್ ಕಿರ್ ಅನ್ನುತ್ತಿದೆ.

ಜುಲೈ ೨೧

ಹೋಗಲಾಗಲಿಲ್ಲ. ಬೆಳಿಗ್ಗೆಯಿಂದ ಗಾಳಿ ಮಳೆ, ನಮ್ಮ ಬೀದಿಯಲ್ಲೇ ಎರಡು ಕಂಬ ಬಿದ್ದಿವೆ, ಬಸ್ಸಿಲ್ಲ. ಅಪ್ಪ ಕಿಟಕಿಯ ಹತ್ತಿರ ನಿಂತಿದ್ದಾರೆ. ಊಟಕ್ಕೆ ಕರೆದರೆ ತಿರುಗಲಿಲ್ಲ.

ಜುಲೈ ೨೨

ತೊಂಬತ್ತೊಂದು.

ಗೂಟ ನೆಲದ ಮಟ್ಟಕ್ಕೆ ಮುರಿದಿದೆ. ಗೂಟದ ಜೊತೆ ಗಿಡವೂ ಬಿದ್ದಿದೆ, ಕಟ್ಟಿದ್ದರಿಂದ ಬಿಡಿಸಿಕೊಳ್ಳಲೂ ಆಗಿಲ್ಲ. ಕೆಲವು ಕಟ್ಟಿದ ಜಾಗದಲ್ಲೇ ಲಟಕ್ಕೆಂದು ಮುರಿದಿವೆ. ಹೊಸ ಗೂಟ ಹಾಕಿದ್ದವೂ ಗಂಟಿನಿಂದ ಮೇಲೆ ಮುರಿದಿವೆ.

ನನ್ನ ಸಾಲಿನ ಇಪ್ಪತ್ತನಾಲ್ಕೂ ನಿಂತಿವೆ. ಎಲ್ಲವೂ.

ಇದನ್ನು ಬರೆಯುವಾಗ ಖುಷಿ ಆಗಬೇಕಿತ್ತು, ಸ್ವಲ್ಪ ಆಯಿತು ಕೂಡ, ಸುಳ್ಳು ಯಾಕೆ ಹೇಳಲಿ. ಆದರೆ ಅಪ್ಪ ಸಾಲಿನಿಂದ ಸಾಲಿಗೆ ನಡೆದು, ಬಿದ್ದ ಗಿಡಗಳ ಮುಂದೆ ಒಂದೊಂದು ಸಲ ಬಗ್ಗಿ, ಎಲೆ ಮುಟ್ಟಿ ನೋಡುತ್ತಿದ್ದರು. ತೊಂಬತ್ತೊಂದು ಸಲ ಬಗ್ಗಿದರು. ಆಮೇಲೆ ನನ್ನ ಸಾಲಿಗೆ ಬಂದು ಒಂದು ನೇರಳೆಯನ್ನು ಕೈಯಿಂದ ಜಗ್ಗಿದರು. ಅದು ಬಗ್ಗಿ, ಬಿಟ್ಟ ಮೇಲೆ ಎದ್ದು ನಿಂತಿತು. ಇನ್ನೊಂದು ಜಗ್ಗಿದರು.

“ಲಾಡಿ ಎಲ್ಲಿ?” ಎಂದರು.

ಅಳೆದು ತೋರಿಸಿದೆ. ಅಪ್ಪ ಕಲ್ಲಿನ ಮೇಲೆ ಕೂತು ಲಾಡಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳಿದರು, “ನಾನು ಮರಾನ ಬಳ್ಳಿ ಅಂದ್ಕೊಂಡುಬಿಟ್ಟಿದ್ದೆ ಗಿರಿಜಾ.”

ನಿಂತಿರುವ ಅರವತ್ತೊಂಬತ್ತನ್ನು ಏನು ಮಾಡುವುದು ಎಂದು ಕೇಳಿದರು. ಕಟ್ಟು ಬಿಚ್ಚಿದರೆ ಆ ಸಣ್ಣ ಬುಡಕ್ಕೆ ಅಷ್ಟು ಎತ್ತರ ಹೊರಲಾಗುವುದಿಲ್ಲ, ಬಿಚ್ಚದಿದ್ದರೆ ಮುರಿಯುತ್ತವೆ. ತಲೆ ಕತ್ತರಿಸಿ, ಮೂರರಲ್ಲಿ ಒಂದು ಪಾಲು ತೆಗೆದು, ಮೇಲಿನ ಕಟ್ಟು ಬಿಚ್ಚಿ, ಕೆಳಗಿನದನ್ನು ಮಾತ್ರ ಸಡಿಲವಾಗಿ ಬಿಡೋಣ ಎಂದೆ. ಅಮ್ಮ ಹೌಹಾರಿದಳು. “ಅತ್ತೆ ನೋಡೋಕೆ ಬರೋ ಹೊತ್ತಿಗೆ ಬೋಳು ತಲೆ ಮಾಡಿ ನಿಲ್ಲಿಸ್ತೀರಾ?”

ಅಪ್ಪ ಎಲೆ ಕೊಯ್ಯಲು ಹೆಬ್ಬೆರಳಿಗೆ ಹಾಕುತ್ತಿದ್ದ ಕಬ್ಬಿಣದ ಉಗುರನ್ನು ಬುತ್ತಿಚೀಲದಿಂದ ತೆಗೆದರು. ಅದನ್ನು ಇನ್ನೂ ಜೊತೆಯಲ್ಲೇ ಇಟ್ಟುಕೊಂಡಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಮೊದಲನೆಯ ಗಿಡದ ನಾರು ಅದರಿಂದಲೇ ಕೊಯ್ದರು.

ಆಗಸ್ಟ್ ೯, ೧೯೯೯

ಅಜ್ಜಿ ಬರುವುದಕ್ಕೆ ಮೂರು ದಿನ.

ಇವತ್ತು ನಾನು ಮಾಡಿದ್ದನ್ನು ಬರೆಯುವುದಕ್ಕೆ ನಾಚಿಕೆ. ಅಪ್ಪ ಕಟ್ಟೆಗೆ ನೀರಿಗೆ ಹೋಗಿದ್ದರು. ದಾರಿಯಿಂದ ಹತ್ತಿ ಬರುವವರಿಗೆ ಮೊದಲು ಕಾಣುವುದೇ ಬಿದ್ದ ಗಿಡಗಳು. ಅವುಗಳಲ್ಲಿ ಕೆಲವಕ್ಕೆ ಇನ್ನೂ ಹಸಿರೆಲೆ ಇತ್ತು. ಒಂದನ್ನು ಎತ್ತಿ ನಿಲ್ಲಿಸಿದೆ. ಹೊಸ ಗೂಟ ಹೊಡೆದೆ. ಕಟ್ಟಿದೆ. ದೂರ ಹೋಗಿ ನೋಡಿದೆ. ಬಿದ್ದಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ. ಬೇರು ಹರಿದಿದೆ, ಒಂದು ವಾರದಲ್ಲಿ ಒಣಗುತ್ತದೆ, ಆದರೆ ಅಜ್ಜಿ ನೋಡಿ ಹೋಗಲು ಒಂದು ಗಂಟೆ ಸಾಕು. ಇನ್ನೊಂದು ಕಟ್ಟಿದೆ. ಮೂರನೆಯದೂ ಕಟ್ಟಿದೆ. ಗಂಟು ಅಪ್ಪನ ಗಂಟಿನಂತೆಯೇ ಬಂತು.

ಯಾಕೆ ಮಾಡಿದೆ ಎಂದರೆ ಇಟ್ಟಿಗೆ ಗೂಡಿನವರ ಲಾರಿ ನನ್ನ ಕಣ್ಣಿಗೆ ಬರುತ್ತಿತ್ತು. ಗೆಣಸಿನ ಬಳ್ಳಿಯ ಮೇಲೆ, ಕರಿಬೇವಿನ ಮೇಲೆ, ಎಲ್ಲದರ ಮೇಲೆ ಹತ್ತಿ ಬರುತ್ತಿತ್ತು. ಅಷ್ಟೇ.

ಅಪ್ಪ ಕೊಡ ಇಳಿಸಿ ನೋಡಿದರು. ಬೈಯಲಿಲ್ಲ. ಮೂರನೆಯ ಗಿಡದ ಹತ್ತಿರ ಕೂತು ಗಂಟನ್ನು ಬೆರಳಲ್ಲಿ ಸವರಿದರು.

“ಗಂಟು ಚೆನ್ನಾಗಿ ಹಾಕಿದೀಯ.”

“ಅಜ್ಜಿ ನೋಡೋವರೆಗೆ ಮಾತ್ರ ಅಪ್ಪ.”

“ನೋಡಿದ ಮೇಲೆ?”

ನಾನು ಕೈಯಲ್ಲಿದ್ದ ನಾರನ್ನು ಕೆಳಗೆ ಹಾಕಿದೆ.

“ಬಿಡು ಮಗ. ಬಿದ್ದದ್ದು ಬಿದ್ದಂಗೇ ಇರಲಿ. ನಿಂತಿರೋದು ಎಷ್ಟೋ ಅಷ್ಟೇ ನಮ್ಮದು.”

ಅಪ್ಪನೇ ಮೂರನ್ನೂ ಬಿಚ್ಚಿ, ಮಗುವನ್ನು ಮಲಗಿಸುವ ಹಾಗೆ ಮತ್ತೆ ನೆಲದ ಮೇಲೆ ಮಲಗಿಸಿದರು.

ಆಗಸ್ಟ್ ೧೧, ಭೀಮನ ಅಮಾವಾಸ್ಯೆ

ಆಷಾಢ ಮುಗಿಯಿತು. ಸಂಜೆ ಗ್ರಹಣ ಬೇರೆ. ಅಮ್ಮ ಬೆಳಿಗ್ಗೆ ಅಪ್ಪನ ಪಾದಪೂಜೆ ಮಾಡುವಾಗ ಉಗುರಿನ ಸಂದಿಯ ಕೆಮ್ಮಣ್ಣು ತೊಳೆದು ತೊಳೆದು ಸಾಕಾಗಿ, “ಇದು ಹೋಗಲ್ಲ ಕಣ್ರೀ, ಇದ್ದುಕೊಳ್ಳಲಿ” ಎಂದು ಅದರ ಮೇಲೇ ಅರಿಶಿನ ಹಚ್ಚಿದಳು.

ಆಗಸ್ಟ್ ೧೨, ೧೯೯೯

ಅಜ್ಜಿ ಬಂದಳು. ದೊಡ್ಡಪ್ಪ ಆಟೋದಲ್ಲಿ ಕರೆತಂದರು. ದಿಣ್ಣೆಯ ಬುಡದಿಂದ ಆಟೋ ಹತ್ತಲಿಲ್ಲ, ಅಜ್ಜಿ ನಡೆದೇ ಬಂದಳು. ನಾನು ಕೈ ಕೊಡಲು ಹೋದರೆ, “ನನ್ನ ತವರಿನ ದಾರಿ ಕಣೇ ಇದು” ಎಂದು ಕೈ ತಳ್ಳಿದಳು.

ಮೊದಲು ಕಂಡದ್ದು ಬಿದ್ದವೇ. ಆಮೇಲೆ ತಲೆ ಕತ್ತರಿಸಿದವು. ದೊಡ್ಡಪ್ಪ ಸುತ್ತ ನೋಡಿ ಉಸಿರು ಬಿಟ್ಟರು. ಗೆದ್ದ ಉಸಿರಲ್ಲ ಅದು, ತಮ್ಮನ ಮುಖ ನೋಡಲು ಆಗದೆ ಬಿಟ್ಟದ್ದು.

“ಎಷ್ಟು ನೆಟ್ಟಿರಿ?” ಎಂದಳು ಅಜ್ಜಿ.

ಅಪ್ಪ ನನ್ನನ್ನು ನೋಡಿದರು. ನಾನು ಹೇಳಿದೆ. “ಇನ್ನೂರು. ಮೊದಲ ಆಷಾಢದಲ್ಲಿ ನಾಲ್ಕು, ಬೇಸಿಗೆಯಲ್ಲಿ ಹನ್ನೆರಡು, ಈ ಆಷಾಢದಲ್ಲಿ ತೊಂಬತ್ತೊಂದು ಹೋದವು. ತೊಂಬತ್ತಮೂರು ಇವೆ. ಅದರಲ್ಲಿ ಅರವತ್ತೊಂಬತ್ತು ಉಳಿಯುತ್ತವೋ ಇಲ್ಲವೋ ಈಗಲೇ ಹೇಳೋಕಾಗಲ್ಲ.”

“ಅರ್ಧಕ್ಕಿಂತ ಹೆಚ್ಚು ಹೋಯ್ತಲ್ಲಮ್ಮ” ಎಂದರು ದೊಡ್ಡಪ್ಪ.

ಅಜ್ಜಿ ಪಡುವಣದ ಅಂಚಿಗೆ ನಡೆದಳು. ಇವತ್ತೂ ಗಾಳಿ ಜೋರೇ ಇತ್ತು. ನನ್ನ ಸಾಲು ಅಲೆಯ ಹಾಗೆ ಬಾಗಿ ಏಳುತ್ತಿತ್ತು. ಅಜ್ಜಿ ಮೊದಲನೆಯ ಹುಣಸೆಯನ್ನು ಅಂಗೈಯಿಂದ ಅದುಮಿದಳು. ಎರಡನೆಯದನ್ನು ಅದುಮಿದಳು. ಇಪ್ಪತ್ತನಾಲ್ಕನ್ನೂ ಅದುಮುತ್ತಾ ಹೋದಳು, ಪಡಸಾಲೆಯಲ್ಲಿ ಕೂರಿಸಿದ ಮೊಮ್ಮಕ್ಕಳ ತಲೆ ಮುಟ್ಟಿ ಎಣಿಸುವ ಹಾಗೆ. ಆ ಅಂಚಿನಲ್ಲಿ, ಸಾಲಿನ ಮರೆಯಲ್ಲಿ, ತೊಗರಿ ನೆಟ್ಟಗೆ ನಿಂತು ಹೂ ಕಟ್ಟಲು ಶುರುಮಾಡಿತ್ತು. ಬೇರೆ ಕಡೆ ತೊಗರಿ ಮಲಗಿತ್ತು. ಇದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಜ್ಜಿ ನೋಡಿದಳು.

“ಈ ಸಾಲಿಗೆ ಯಾಕೋ ಗೂಟ ಇಲ್ಲ?”

ಅಪ್ಪ ಮುಂದೆ ಬಂದರು. “ಇದು ಗಿರಿಜಾ ಸಾಲು. ನಾನು ಕಟ್ಟು ಅಂದೆ, ಅವಳು ಕಟ್ಟಲಿಲ್ಲ. ನಾನು ಕಟ್ಟಿದ್ದೇ ಬಿದ್ದದ್ದು. ಒಂದು ವರ್ಷ ಅವಳು ಹೇಳ್ತಾನೇ ಇದ್ಲು, ನಾನು ಕೇಳಲಿಲ್ಲ. ತಪ್ಪು ನಂದೇ.”

ಅಪ್ಪನ ಬಾಯಲ್ಲಿ ಆ ಮಾತು ನಾನು ಯಾವತ್ತೂ ಕೇಳಿಲ್ಲ. ಅಮ್ಮ ಕೂಡ ಕೇಳಿಲ್ಲ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಸುಮ್ಮನಿರಬಹುದಿತ್ತು. ಆದರೆ ಅಪ್ಪ ಹೇಳಿದ್ದು ಪೂರ್ತಿ ಸರಿಯಲ್ಲ.

“ಅಜ್ಜಿ, ನಾನು ತಿಳಿದು ಬಿಟ್ಟದ್ದಲ್ಲ. ಅಪ್ಪನ ಮೇಲೆ ಸಿಟ್ಟು ಬಂದು ಬಿಚ್ಚಿದೆ. ಒಳ್ಳೇದಾಗುತ್ತೆ ಅಂತ ನನಗೂ ಗೊತ್ತಿರಲಿಲ್ಲ. ಅಪ್ಪ ಹೇಳಿದಂಗೆ ಒಂದು ವರ್ಷವೂ ಅಲ್ಲ, ನಾನು ಹೇಳಿದ್ದು ಏಪ್ರಿಲಿನಿಂದ. ನಾಲ್ಕು ಗಿಡ ಸತ್ತದ್ದು ನನ್ನಿಂದಲೇ.”

ದೊಡ್ಡಪ್ಪ ಹಣೆ ಚಚ್ಚಿಕೊಂಡರು. “ಇವಳನ್ನ ಸ್ಕೂಲಿನೋರು ಯಾಕೆ ಕಳಿಸಿದ್ರು ಅಂತ ಈಗ ಅರ್ಥ ಆಯ್ತು ಷಡಕ್ಷರಿ.”

ಅಜ್ಜಿ ನಗಲು ಶುರುಮಾಡಿದಳು. ಗಾಳಿಗೆ ನಗು ಹಾರಿ ಹೋಗದಂತೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಕೆಮ್ಮು ಬಂತು. ನೀರು ಕುಡಿಸಿದೆವು. ಸುಧಾರಿಸಿಕೊಂಡು ಹುಣಸೆಯ ಪಕ್ಕ ಕಲ್ಲಿನ ಮೇಲೆ ಕೂತಳು.

“ವಿಶ್ವ, ನನ್ನ ತಂದೆ ಈ ಅಂಚಿನಲ್ಲಿ ಹುರುಳಿ ಹಾಕಿದ್ರೆ ಕಾಯಿ ಕೈಗೆ ಬರ್ತಿರಲಿಲ್ಲ. ಅರವತ್ತು ವರ್ಷ ಆಯ್ತು. ಇಲ್ಲಿ ನಿಂತಿರೋ ಗಿಡ ನಾನು ಇವತ್ತೇ ನೋಡಿದ್ದು. ಗೂಡಿನೋನಿಗೆ ಮಣ್ಣಿಲ್ಲ ಅಂತ ಹೇಳಿಬುಡು.”

“ಅಮ್ಮ, ನೀನೇ ಹೇಳಿದ ಮಾತು...”

“ನಾನು ಹೇಳಿದ ಮಾತು ನನಗೆ ನೆನಪಿದೆ. ಗಾಳಿ ತಡೆದು ನಿಂತಿದ್ರೆ ಅಂದೆ. ನಿನ್ನ ಎದುರಿಗೇ ತಡೀತಾ ಇದೆ. ಈ ಮರೇಲಿ ಇನ್ನೊಂದು ಸಾಲು ಬರುತ್ತೆ, ಅದರ ಮರೇಲಿ ಇನ್ನೊಂದು. ಬಿದ್ದದ್ದನ್ನ ಮುಚ್ಚಿಟ್ಟು ತೋರಿಸಿದ್ರೆ ಇವತ್ತೇ ನಿನ್ನ ಕೈಗೆ ಕೊಡ್ತಿದ್ದೆ.”

ದೊಡ್ಡಪ್ಪ ಹೊರಡುವಾಗ ಅಪ್ಪನ ಹತ್ತಿರ ಬಂದು, “ನನ್ನ ಅಂಗಡೀಲಿ ಹಾರೆ, ಪಿಕಾಸಿ ಸುಮ್ನೆ ಬಿದ್ದಿವೆ. ನಾಳೆ ಕಳಿಸ್ತೀನಿ” ಎಂದರು.

ನಾನು ಅಳಲಿಲ್ಲ. ಅಮ್ಮ ಅತ್ತಳು, ಅಪ್ಪ ಕಣ್ಣಿಗೆ ಮಣ್ಣು ಬಿತ್ತು ಎಂದರು. ಈ ದಿಣ್ಣೆಯಲ್ಲಿ ಅದು ಸುಳ್ಳೂ ಇರಲಾರದು.

ಆಗಸ್ಟ್ ೧೩, ೧೯೯೯

ಬೆಳಿಗ್ಗೆ ಆರರ ಬಸ್ಸಿಗೆ ಹೊರಟೆವು. ಒಂಬತ್ತಕ್ಕೆ ಬನ್ನಿಮಂಟಪದಿಂದ ಹಾರೆ, ಪಿಕಾಸಿ ಬಂದವು. ಬಿದ್ದವನ್ನು ಕಡಿದು ನಿಂತವುಗಳ ಬುಡಕ್ಕೆ ಹೊದಿಸಿದೆವು, ಕಲ್ಲು ಹೇರಿ. ತಲೆ ಕತ್ತರಿಸಿದ ಸೀಬೆಗಳಲ್ಲಿ ಎಂಟರಲ್ಲಿ ಚಿಗುರು ಕಾಣುತ್ತಿದೆ. ಉಳಿದವನ್ನು ನಾಳೆ ನೋಡಬೇಕು. ಸಣ್ಣಮಾದಯ್ಯ ತಮ್ಮ ಹೊಲದ ಅಂಚಿಗೂ ನಾಲ್ಕು ಹುಣಸೆ ಬೇಕು, ಉಡುದಾರ ಬೇಡ ಎಂದರು. ಕೊಡುತ್ತೇನೆ ಎಂದಿದ್ದೇನೆ. ಬೀಜ ಹಾಕಲು ಪ್ಯಾಕೆಟ್ಟು ಬೇಕು, ಇನ್ನೂರಕ್ಕೆ ಕಮ್ಮಿ ಇಲ್ಲ. ಮೊಳೆತು ಸಸಿಯಾಗಲು ಸಮಯ ಹಿಡಿಯುತ್ತದೆ, ಆದ್ದರಿಂದ ಇದೇ ವಾರ ತರಬೇಕು.

ಎರಡನೇ ಸಾಲನ್ನು ನನ್ನ ಸಾಲಿನಿಂದ ಎಷ್ಟು ದೂರ ಹಾಕಬೇಕು ಎಂದು ಲೆಕ್ಕ ಮಾಡುತ್ತಾ ನಿಂತಿದ್ದೆ. ಗಾಳಿಯ ಮರೆ ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿಯಲು ಒಣ ಹುಲ್ಲು ಹಿಡಿದು ಬಿಡುತ್ತಾ ಹೋದೆ. ಹನ್ನೊಂದು ಹೆಜ್ಜೆಗೆ ಹುಲ್ಲು ನೇರವಾಗಿ ಕೆಳಗೆ ಬಿತ್ತು, ಹನ್ನೆರಡಕ್ಕೆ ಹಾರಿತು.

ಅಪ್ಪ ಹಾರೆ ಹೆಗಲ ಮೇಲಿಟ್ಟುಕೊಂಡು ಕಾಯುತ್ತಿದ್ದರು.

“ಎಲ್ಲಿ ತೋಡಲಿ?” ಎಂದರು.

ನಾನು ಹನ್ನೊಂದನೇ ಹೆಜ್ಜೆಯಲ್ಲಿ ಹಿಮ್ಮಡಿಯಿಂದ ಗೆರೆ ಎಳೆದೆ. ಅಪ್ಪ ಅಲ್ಲೇ ತೋಡಿದರು.